ಗಾಯಕರೂ ಧ್ವನಿಯಂತ್ರದವರೂ

ಸಭೆಯಲ್ಲಿ ಹಾಡು ರಂಗೇರಿದರೆ ಜನರು ಗಾಯಕನನ್ನು ಕೊಂಡಾಡುವರು. ಹಾಡಿನ ನಡುವೆ ಯಂತ್ರವು ಕಿರುಚಿಕೊಂಡರೆ ಹಿಂದಿರುಗಿ ಧ್ವನಿವರ್ಧಕದವನನ್ನು ದುರುಗುಟ್ಟಿ ನೋಡುವರು. ಎಲ್ಲವೂ ಸರಿಯಾಗಿ ನಡೆದಾಗ ಅಂಥವನೊಬ್ಬನು ಇರುವನೆಂಬ ನೆನಪೇ ಯಾರಿಗೂ ಇರುವುದಿಲ್ಲ. ಕೆಟ್ಟಾಗ ಅವನ ಹೊರತು ಇನ್ನಾರೂ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಅವನ ಮನಸ್ಸಿನಲ್ಲಿ ಕಲಾವಿದರ ಬಗೆಗೆ ಒಂದು ಬಗೆಯ ಕಹಿಯು ನೆಲೆಸಿರುವುದು ಆಶ್ಚರ್ಯವಲ್ಲ. ಗಾಯಕರು ಹೊತ್ತಿಗೆ ಬರುವುದಿಲ್ಲ, ಹೇಳಿದಲ್ಲಿ ಕೂಡುವುದಿಲ್ಲ, ತಮಗೆ ಕೇಳಿಸದಿದ್ದರೆ ಯಾರಿಗೂ ಕೇಳಿಸುತ್ತಿಲ್ಲವೆಂದು ತಿಳಿಯುತ್ತಾರೆ ಎಂಬುದು ಅವನ ದೂರು. ಈ ಪೆಟ್ಟಿಗೆಯವನು ರಾಗವನ್ನರಿಯನು, ತಾಳವನ್ನರಿಯನು, ಗುಂಡಿ ತಿರುವುವುದೊಂದನ್ನೇ ಬಲ್ಲನು ಎಂಬುದು ಗಾಯಕರ ದೂರು. ಈ ಕಲಹವು ಇಬ್ಬರ ಸ್ವಭಾವದೋಷದಿಂದ ಹುಟ್ಟಿದುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅದರ ಚರಿತ್ರೆಯನ್ನು ವಿಚಾರಿಸಿದರೆ, ಹಿಂದೆ ಒಬ್ಬನ ಕೈಯಲ್ಲಿದ್ದ ಒಂದೇ ವಿದ್ಯೆಯು ಯಂತ್ರದ ದೆಸೆಯಿಂದ ಎರಡಾಗಿ ಒಡೆದುದೇ ಇದರ ಮೂಲವೆಂದು ಕಂಡುಬರುವುದು.

ಈ ಚರಿತ್ರೆಯನ್ನರಿಯಲು ಗದಗಿನ ಸೀಮೆಯಷ್ಟು ಅನುಕೂಲವಾದ ನೆಲವು ವಿರಳ. ಕೃತಪುರವೆಂಬ ಪುರಾತನ ನಾಮವುಳ್ಳ ಈ ಊರಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ನಾಟಕ ಮಂಡಳಿಯನ್ನು ಕಟ್ಟಿ, ಮರಾಠಿ ಸಂಗೀತ ನಾಟಕಗಳ ಪ್ರಾಬಲ್ಯದ ಎದುರಿನಲ್ಲಿ ಕನ್ನಡ ರಂಗಭೂಮಿಗೆ ಕಾಲೂರಿಕೊಟ್ಟರು. ತರುವಾಯ ಶಿರಹಟ್ಟಿಯ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಮೊದಲಾದವು ಇದೇ ಭಾಗದಿಂದ ಹೊರಟು ನಾಡೆಲ್ಲ ಸಂಚರಿಸಿದುವು. ಗದಗಿಗೆ ಸಮೀಪದ ಕುರ್ತಕೋಟಿಯಂಥ ಊರುಗಳಿಂದ ಜನರು ಗಾಡಿ ಕಟ್ಟಿಕೊಂಡು ಹೋಗಿ ನಾಟಕ ನೋಡುವರು. ಮರಳಿ ಬಂದು, ಜಾತ್ರೆ ಹಬ್ಬಗಳಲ್ಲಿ ತಾವೇ ಬಣ್ಣ ಹಚ್ಚಿ ಆಡುವರು. ವಿಮರ್ಶಕರಾಗಿಯೂ ನಾಟಕಕಾರರಾಗಿಯೂ ಹೆಸರಾದ ಕೀರ್ತಿನಾಥ ಕುರ್ತಕೋಟಿಯವರ (1928–2003) ಮನೆತನದ ಹೆಸರಿನಲ್ಲಿರುವುದು ಈ ಊರೇ.

ಆ ಕಾಲದ ನಟನಿಗೆ ಕಂಠವೇ ಯಂತ್ರವಾಗಿದ್ದಿತು. ಡೇರೆಯ ಕಟ್ಟಕಡೆಯ ಸಾಲಿನಲ್ಲಿ, ಕಡಿಮೆ ದರದ ಚೀಟಿ ಕೊಂಡು ನೆಲದ ಮೇಲೆ ಕುಳಿತ ಒಕ್ಕಲಿಗನಿಗೆ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಅವನು ಸುಮ್ಮನಿರುವವನಲ್ಲ. ಆದುದರಿಂದ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು, ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುತ್ತಿದ್ದರು, ಮಾತಿನ ಕೊನೆಯನ್ನು ನುಂಗದೆ ಎತ್ತಿ ಹಿಡಿಯುತ್ತಿದ್ದರು. ಪೇಟಿಯವನು ಕಾಲಿನಿಂದ ತಿದಿಯೊತ್ತುತ್ತ, ಹಾಡುವವನ ಮುಖವನ್ನೇ ನೋಡುತ್ತ, ಅವನ ಉಸಿರಿಗೆ ತಕ್ಕಂತೆ ನಾದವನ್ನು ಏರಿಸಿ ಇಳಿಸುವನು. ಜನರು ಗುಜುಗುಟ್ಟಿದರೆ ನಟನೇ ಕಂಠವನ್ನು ಏರಿಸುವನು. ಮಳೆಯು ತಗಡಿನ ಮೇಲೆ ಬಡಿದರೆ ಅವನೇ ನಿಲ್ಲುವನು. ಸಭೆಯ ಕೊನೆಯಲ್ಲಿ ತನ್ನ ಧ್ವನಿಯು ಹೇಗೆ ಕೇಳಿಸುವುದೆಂಬ ಲೆಕ್ಕವನ್ನು ಅವನ ಕಿವಿಯೇ ಹಾಕುತ್ತಿದ್ದಿತು. ನಾದವನ್ನು ಹುಟ್ಟಿಸುವವನೂ ಅದನ್ನು ಜನರಿಗೆ ಮುಟ್ಟಿಸುವವನೂ ಒಬ್ಬನೇ ಆಗಿದ್ದನು.

ಈ ಒಗ್ಗಟ್ಟನ್ನು ಮೊದಲು ಒಡೆದುದು ಗ್ರಾಮೊಫೋನು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ತಟ್ಟೆಗಿಳಿಸಿದನು. ಆಗ ವಿದ್ಯುತ್ತಿನ ಸಹಾಯವಿರಲಿಲ್ಲ. ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕು; ನಾದದ ಬಲದಿಂದಲೇ ಸೂಜಿಯು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ತಲೆದೂಗುವಂತಿಲ್ಲ, ಪಕ್ಕಕ್ಕೆ ತಿರುಗುವಂತಿಲ್ಲ. ತಾರಸ್ಥಾಯಿಗೆ ಹೋಗುವಾಗ ಗಾಯಕರನ್ನು ಹಿಂದಕ್ಕೆ ಸರಿಸುವುದೂ ಮಂದ್ರಕ್ಕಿಳಿಯುವಾಗ ಮುಂದಕ್ಕೆ ತರುವುದೂ ಆ ಕಾಲದ ಮುದ್ರಣಶಾಲೆಗಳ ವಾಡಿಕೆಯಾಗಿದ್ದಿತು. ಒಂದು ಗಂಟೆಯ ರಾಗವಿಸ್ತಾರವನ್ನು ಮೂರು ಮಿನಿಟುಗಳಲ್ಲಿ ಮುಗಿಸಬೇಕು. ಬೈಠಕ್ಕಿನಲ್ಲಿ ಅರಸನಂತೆ ಕುಳಿತು ಹಾಡಿದ ಉಸ್ತಾದರಿಗೆ ಇದು ಅಪಮಾನವಾಗಿ ತೋರಿದರೆ ತಪ್ಪೇನು? ಯಂತ್ರದವನಿಗಾದರೋ ಬೇರೆ ಚಿಂತೆ: ಒಂದು ಕೆಮ್ಮು, ಒಂದು ತಡವಾದ ಆರಂಭ, ಇಷ್ಟಾದರೆ ಮೇಣದ ತಟ್ಟೆಯು ವ್ಯರ್ಥ. ಗಾಯಕನೂ ಯಂತ್ರದವನೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡುವ ಪದ್ಧತಿಯು ಹೀಗೆ ಮೊದಲಾಯಿತು.

ಆದರೆ ಆ ಕಷ್ಟದ ಫಲವು ಎಲ್ಲಿಗೆ ಮುಟ್ಟಿತೆಂಬುದನ್ನೂ ಗಮನಿಸಬೇಕು. ಗದಗಿನ ಬಾಲಕನೊಬ್ಬನು ಅಬ್ದುಲ್ ಕರೀಮ್ ಖಾನರ ಹಾಡನ್ನು ತಟ್ಟೆಯಿಂದ ಕೇಳಿ ಮರುಳಾಗಿ, 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಆ ಬಾಲಕನೇ ಮುಂದೆ ಭೀಮಸೇನ ಜೋಶಿಯೆಂದು (1922–2011) ಜಗತ್ಪ್ರಸಿದ್ಧನಾದನು. ಖಾನಸಾಹೇಬರ ಹೆಸರನ್ನು ಎಲ್ಲರೂ ಬಲ್ಲರು. ಅವರನ್ನು ಯಂತ್ರದ ಮುಂದೆ ಕೂಡಿಸಿ, ದೂರವನ್ನು ಅಳೆದು, ಅವರ ಅಸಮಾಧಾನವನ್ನು ಸಹಿಸಿ, ಆ ಸೂಕ್ಷ್ಮ ಸ್ವರಗಳನ್ನು ತಟ್ಟೆಗಿಳಿಸಿದವನ ಹೆಸರನ್ನು ಬಲ್ಲವರಾರು? ಅವನ ಕೆಲಸವು ಕೆಟ್ಟಿದ್ದರೆ ಗದಗಿನ ಹುಡುಗನಿಗೆ ಆ ಕರೆಯು ಕೇಳಿಸುತ್ತಿರಲಿಲ್ಲ.

ಎರಡನೆಯ ಒಡಕು ಧ್ವನಿವರ್ಧಕದಿಂದ ಬಂದಿತು. 1915ರಲ್ಲಿ ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ವಿದ್ಯುತ್ತಿನ ಧ್ವನಿವರ್ಧಕವನ್ನು ಬಹಿರಂಗ ಸಭೆಯಲ್ಲಿ ಬಳಸಿದರು. 1925ರಿಂದ ತಟ್ಟೆಗಳ ಮುದ್ರಣಕ್ಕೂ ವಿದ್ಯುತ್ತಿನ ಮೈಕು ಬಂದಿತು. ಹಿಂದುಸ್ಥಾನದಲ್ಲಿ ಮೋಟವಾನೆ ಮನೆತನದವರ ಶಿಕಾಗೊ ರೇಡಿಯೊ ಸಂಸ್ಥೆಯು 1930ರ ದಶಕದಲ್ಲಿ ಕಾಂಗ್ರೆಸ್ಸಿನ ಮಹಾಸಭೆಗಳಿಗೆ ಈ ಸಾಮಗ್ರಿಯನ್ನು ಒದಗಿಸಿತು. ರಾಷ್ಟ್ರನಾಯಕರ ಮೆಲುಮಾತನ್ನು ಲಕ್ಷಾವಧಿ ಜನರಿಗೆ ಕೇಳಿಸಿದ ಯಂತ್ರವು ಕ್ರಮೇಣ ನಾಟಕದ ಡೇರೆಯನ್ನೂ ಸಂಗೀತದ ಮಂಟಪವನ್ನೂ ಹೊಕ್ಕಿತು.

ನಾಟಕದ ಕಂಪನಿಗಳಲ್ಲಿ ರಂಗದ ಮೇಲುಗಡೆಯಿಂದ ಎರಡು ಮೂರು ಮೈಕುಗಳನ್ನು ಹಗ್ಗಕ್ಕೆ ಇಳಿಬಿಡುವ ಪದ್ಧತಿಯು ಬೆಳೆಯಿತು. ಆಗ ವಿಚಿತ್ರವೊಂದು ನಡೆಯಿತು. ರಂಗವೆಲ್ಲ ತನ್ನದೆಂದು ತಿರುಗಾಡುತ್ತಿದ್ದ ನಟನು ಮೈಕಿನ ಬುಡಕ್ಕೆ ಬಂದು ನಿಂತನು. ರಾಜನೂ ಮಂತ್ರಿಯೂ ಸೇವಕನೂ ಒಂದೇ ಗೇಣು ನೆಲಕ್ಕಾಗಿ ಒತ್ತೊತ್ತಾಗಿ ನಿಂತು ಮಾತಾಡತೊಡಗಿದರು. ಹಳೆಯ ನಟನು ಅಭ್ಯಾಸಬಲದಿಂದ ಮೈಕಿನ ಮುಂದೆಯೂ ಕೊನೆಯ ಸಾಲಿಗೆ ಕೂಗುವನು. ಯಂತ್ರವು ಒಡೆದ ಗಡಿಗೆಯಂತೆ ಬೊಬ್ಬಿಡುವುದು. ಹೊಸ ನಟನು ಯಂತ್ರವನ್ನೇ ನಂಬಿ ಗಂಟಲೊಳಗೆ ಮಾತಾಡುವನು. ಅದು ಮೈಕಿಗೂ ಮುಟ್ಟದು. ಇಬ್ಬರ ನಡುವೆ ಗುಂಡಿ ತಿರುವುತ್ತ ಕುಳಿತವನ ಪಾಡನ್ನು ವಾಚಕರು ಊಹಿಸಬಹುದು.

ಸಂಗೀತದ ಸಭೆಯಲ್ಲಿ ಕಷ್ಟವು ಇನ್ನೂ ಸೂಕ್ಷ್ಮವಾದುದು. ಬಾಯಿಂದ 4 ಅಂಗುಲ ದೂರದಲ್ಲಿದ್ದ ಮೈಕು 16 ಅಂಗುಲ ದೂರವಾದರೆ ಅದಕ್ಕೆ ತಾಕುವ ನಾದದ ಒತ್ತಡವು ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಗಾಯಕನು ಭಾವಪರವಶನಾಗಿ ಒಮ್ಮೆ ಹಿಂದಕ್ಕೆ ಬಾಗಿದರೆ ಸಾಕು, ಇಷ್ಟು ಅಂತರವು ಬೀಳುತ್ತದೆ. ಭೀಮಸೇನ ಜೋಶಿಯವರು ಹಾಡುವಾಗ ಸ್ವರದೊಡನೆ ಅವರ ಮೈಯೆಲ್ಲ ಚಲಿಸುತ್ತಿದ್ದುದನ್ನು ಕಂಡವರು ಬಹಳ. ತಾನಿನ ಓಟದಲ್ಲಿ ತಲೆಯು ಎತ್ತ ತಿರುಗುವುದೋ ಅತ್ತ ಹೋಗುವುದು ಮೈಕಿಗೆ ಸಾಧ್ಯವಿಲ್ಲ. ಕೇಳುವವರಿಗೆ ಆ ಚಲನವು ರಸದ ಒಂದು ಅಂಗ. ಯಂತ್ರದ ಬಳಿ ಕುಳಿತವನಿಗೆ ಅದು ಪ್ರತಿಕ್ಷಣದ ಪರೀಕ್ಷೆ. ಅವನು ರಾಗದ ನಡೆಯನ್ನು ಮೊದಲೇ ಊಹಿಸಿ ಕೈಯಾಡಿಸಬೇಕು. ಸಂಗೀತವನ್ನರಿಯದವನಿಗೆ ಈ ಕೆಲಸವು ದಕ್ಕದು.

ಇನ್ನು ಕಿರುಚಾಟದ ವಿಷಯ. ಮೈಕು ಹಿಡಿದ ನಾದವು ಧ್ವನಿವರ್ಧಕದಿಂದ ಹೊರಟು, ಮರಳಿ ಅದೇ ಮೈಕನ್ನು ಹೊಕ್ಕು, ಇಮ್ಮಡಿ ಮುಮ್ಮಡಿಯಾಗಿ ಸುತ್ತತೊಡಗಿದರೆ ಆ ಕರ್ಕಶ ಕೂಗು ಹುಟ್ಟುತ್ತದೆ. ಡೆನ್ಮಾರ್ಕಿನ ಶಾಸ್ತ್ರಜ್ಞ ಲಾರ್ಸೆನ್ನನ ಹೆಸರಿನಿಂದ ಇದನ್ನು ಕರೆಯುವ ರೂಢಿಯುಂಟು. ಗಾಯಕನಿಗೆ ತನ್ನ ಧ್ವನಿಯೂ ತಂಬೂರಿಯೂ ಕೇಳಿಸಲೆಂದು ವೇದಿಕೆಯ ಮೇಲೆ ಅವನ ಮುಖಕ್ಕೆ ಎದುರಾಗಿ ಒಂದು ಪೆಟ್ಟಿಗೆಯನ್ನಿಡುವರು. ಗಾಯಕನು ಕೈಯೆತ್ತಿ ‘ಇನ್ನೂ ಹೆಚ್ಚಿಸು’ ಎಂದು ಸನ್ನೆ ಮಾಡುವನು. ತಬಲೆಯವನು ತನಗೂ ಹೆಚ್ಚಿಸೆನ್ನುವನು. ಪೇಟಿಯವನು ತಾನೇಕೆ ಕಡಿಮೆಯೆನ್ನುವನು. ಎಲ್ಲರಿಗೂ ಹೆಚ್ಚಿಸಿದರೆ ಯಾರಿಗೂ ಏನೂ ಕೇಳಿಸದಂತಾಗಿ, ಕಡೆಗೆ ಯಂತ್ರವೇ ಕೂಗಿಕೊಳ್ಳುವುದು. ಆಗ ಸಹಸ್ರ ಜನರ ಮುಂದೆ ಬೈಸಿಕೊಳ್ಳುವವನು ಒಬ್ಬನೇ. ಅವನು ತಿರುಗಿ ಮಾತಾಡುವಂತಿಲ್ಲ; ಅವನ ಕೈಯಲ್ಲಿ ಮೈಕಿಲ್ಲ.

ಆದರೆ ಗಾಯಕರ ಪಕ್ಷವನ್ನೂ ನ್ಯಾಯದಿಂದ ನೋಡಬೇಕು. ನಾದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ದೂರ ಸಾಗುತ್ತದೆ. ಹಿಂಬದಿಯ ಗೋಡೆಯು 34 ಮೀಟರು ದೂರದಲ್ಲಿದ್ದರೆ, ಅದಕ್ಕೆ ತಾಕಿ ಮರಳುವ ನಾದವು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ತಡವಾಗಿ ಗಾಯಕನ ಕಿವಿಗೆ ಬೀಳುವುದು. ದ್ರುತಲಯದಲ್ಲಿ ಇಷ್ಟು ತಡವೆಂದರೆ ತಾಳವೇ ತಪ್ಪುವ ಸಂದರ್ಭ. ಸಭೆಗೆ ಇಂಪಾಗಿ ಕೇಳಿಸುತ್ತಿರುವುದು ವೇದಿಕೆಯ ಮೇಲೆ ಕೆಸರಾಗಿ ಕೇಳಿಸಬಹುದು. ಗಾಯಕನ ಸಿಟ್ಟು ಬರಿಯ ಠೇಂಕಾರವಲ್ಲ. ಕತ್ತಲೆಯಲ್ಲಿ ನಡೆಯುವವನ ಭಯವದು. ಅದರ ಮೇಲೆ, ಜಾತ್ರೆ ಉತ್ಸವಗಳಲ್ಲಿ ಕೆಲವು ಯಂತ್ರದವರು ನಾದವನ್ನು ಕಿವಿಗಡಚಿಕ್ಕುವಷ್ಟು ಏರಿಸಿ, ಕೃತಕ ಪ್ರತಿಧ್ವನಿಯನ್ನು ಬೆರೆಸಿ, ವಚನದ ಅಕ್ಷರವೂ ತಿಳಿಯದಂತೆ ಮಾಡುವುದುಂಟು. ಕಂಠದ ನಯವನ್ನು ಇಪ್ಪತ್ತು ವರ್ಷ ಸಾಧಿಸಿದವರಿಗೆ ಇದರಿಂದಾಗುವ ಸಂಕಟವು ಸಣ್ಣದಲ್ಲ.

ಸಾಮರಸ್ಯದ ದಾರಿಯಿಲ್ಲವೆಂದಲ್ಲ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಈ ಸೀಮೆಯ ಗಾಯಕರಿಗೆ ಹೊಸದೊಂದು ಶಿಸ್ತಿನ ಪರಿಚಯವಾಯಿತು. ಅಲ್ಲಿ ಗಾಯಕನೂ ಯಂತ್ರದವನೂ ಗಾಜಿನ ಎರಡು ಕಡೆಗೆ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡಬಹುದು; ಕೆಂಪು ದೀಪ ಹತ್ತುವ ಮೊದಲೇ ಧ್ವನಿಯ ಪರೀಕ್ಷೆಯಾಗಬೇಕು; ಹೊತ್ತಿಗೆ ಆರಂಭ, ಹೊತ್ತಿಗೆ ಮುಕ್ತಾಯ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಮೊದಲಾದವರು ಬೈಠಕ್ಕಿನ ಪರಂಪರೆಯಲ್ಲಿ ಬೆಳೆದವರಾದರೂ ರೇಡಿಯೋದ ಈ ಶಿಸ್ತಿನಲ್ಲಿಯೂ ಹಾಡಿ ನಾಡಿಗೆ ತಮ್ಮ ನಾದವನ್ನು ಮುಟ್ಟಿಸಿದರು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆಯೂ ವಿಚಾರಾರ್ಹವಾದುದು. ಪಂಚಾಕ್ಷರ ಗವಾಯಿಗಳೂ (1892–1944) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರಾದ ಬಾಲಕರಿಗೆ ಸಂಗೀತವನ್ನು ಕಲಿಸಿ ಬಾಳಿಗೆ ಆಧಾರ ಮಾಡಿಕೊಟ್ಟರು. ಕಣ್ಣಿಲ್ಲದ ಗಾಯಕನಿಗೆ ಮೈಕು ಎಲ್ಲಿದೆಯೆಂಬುದನ್ನು ಕೈ ಹಿಡಿದು ಮುಟ್ಟಿಸಿ ತೋರಿಸಬೇಕಾಗುತ್ತದೆ. ದೂರದಿಂದ ಸನ್ನೆ ಮಾಡಿದರೆ ನಡೆಯದು. ಹತ್ತಿರ ಹೋಗಿ ಮಾತಾಡಲೇಬೇಕು, ಅವನ ಮಾತನ್ನು ಕೇಳಲೇಬೇಕು. ಅಲ್ಲಿ ಅನಿವಾರ್ಯವಾದ ಈ ಸೌಜನ್ಯವನ್ನು ಕಣ್ಣುಳ್ಳವರು ಪರಸ್ಪರ ತೋರಿದರೆ ಅರ್ಧ ಜಗಳವು ಅಲ್ಲಿಯೇ ತೀರುವುದು.

ಈಗಿನ ಕಾಲದಲ್ಲಿ ಅವಸರವು ಮತ್ತಷ್ಟು ಹೆಚ್ಚಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಮುಂಜಾನೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸುವಂತಿಲ್ಲ. ಉತ್ಸವಗಳಿಗಾಗಿ ಸರಕಾರವು ವರ್ಷಕ್ಕೆ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಬೆಳತನಕ ನಡೆಯುತ್ತಿದ್ದ ನಾಟಕ ಸಂಗೀತಗಳಿಗೆ ಇದರಿಂದ ಗಡಿಯಾರದ ಕಟ್ಟು ಬಿದ್ದಿತು. ಅತಿಥಿಗಳ ಭಾಷಣಗಳೂ ಸನ್ಮಾನಗಳೂ ಬೆಳೆದಷ್ಟು ಧ್ವನಿಯ ಪರೀಕ್ಷೆಯ ಹೊತ್ತನ್ನೇ ಮೊದಲು ಕತ್ತರಿಸುವರು. ಗಾಯಕನು ನೇರವಾಗಿ ವೇದಿಕೆಯನ್ನೇರುವನು. ಬೆರಳಿನಿಂದ ಮೈಕನ್ನು ಎರಡು ಸಲ ಬಡಿಯುವನು, ಒಮ್ಮೆ ಉಫ್ ಎಂದು ಊದುವನು. ಅಷ್ಟಕ್ಕೆ ಪರೀಕ್ಷೆಯು ಮುಗಿಯಿತೆಂದು ಎಣಿಸುವನು. ಮುಂದಿನ ಅನರ್ಥಗಳೆಲ್ಲ ಈ ಒಂದು ಊದುವಿಕೆಯಿಂದ ಆರಂಭವಾಗುತ್ತವೆ.

ಕುಂದಗೋಳದಲ್ಲಿ ಸವಾಯಿ ಗಂಧರ್ವರು (1886–1952) ಶಿಷ್ಯರನ್ನು ಎದುರು ಕೂಡಿಸಿಕೊಂಡು ಪಾಠ ಹೇಳಿದಾಗ ನಡುವೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಅವರ ಹೆಸರಿನಲ್ಲಿ ಪುಣೆಯಲ್ಲಿ ಭೀಮಸೇನರು 1953ರಲ್ಲಿ ಆರಂಭಿಸಿದ ಉತ್ಸವಕ್ಕೆ ಸಾವಿರಾರು ಜನರು ನೆರೆಯತೊಡಗಿದಾಗ ಯಂತ್ರವಿಲ್ಲದೆ ನಡೆಯದಾಯಿತು. ಕೇಳುವವರ ಬಳಗವು ಬೆಳೆದುದು ಸಂಗೀತದ ಭಾಗ್ಯ. ಆ ಭಾಗ್ಯದ ಬೆಲೆಯೇ ವಿದ್ಯೆಯ ಈ ವಿಭಾಗ. ಒಡೆದುದನ್ನು ಮತ್ತೆ ಒಂದುಗೂಡಿಸುವುದು ಆಗದ ಮಾತು. ಆದರೆ ಇಬ್ಬರೂ ಒಂದೇ ಕೆಲಸದ ಎರಡು ಕೈಗಳೆಂಬುದನ್ನು ತಿಳಿದು ನಡೆಯುವುದು ಆಗುವ ಮಾತು.

ತಂಬೂರಿಯ ಶ್ರುತಿ ಸೇರುವವರೆಗೆ ಯಾವ ಗಾಯಕನೂ ಬಾಯಿ ತೆರೆಯುವುದಿಲ್ಲ. ಅದಕ್ಕೆ ಎಷ್ಟು ಹೊತ್ತು ಹಿಡಿದರೂ ರಸಿಕರು ತಾಳ್ಮೆಯಿಂದ ಕಾಯುವರು. ಅದನ್ನು ಕಾಲಹರಣವೆಂದು ಯಾರೂ ಎನ್ನರು. ಸಭಾಮಂದಿರವೂ ಈಗ ಒಂದು ವಾದ್ಯವೇ ಆಗಿದೆ, ಧ್ವನಿಯಂತ್ರದವನೇ ಅದರ ವಾದಕನು. ಕುರ್ತಕೋಟಿಯ ಜಾತ್ರೆಯ ಡೇರೆಯಿರಲಿ, ಪಟ್ಟಣದ ದೊಡ್ಡ ಸಭಾಗೃಹವಿರಲಿ, ತಂಬೂರಿಗೆ ಕೊಡುವ ಹೊತ್ತಿನಲ್ಲಿ ಅರ್ಧದಷ್ಟನ್ನು ಈ ವಾದ್ಯಕ್ಕೂ, ತಬಲೆಯವನಿಗೆ ಸಲ್ಲುವ ಮರ್ಯಾದೆಯಲ್ಲಿ ಒಂದು ಪಾಲನ್ನು ಅದರ ವಾದಕನಿಗೂ ಕೊಟ್ಟರೆ, ಗಾಯಕರು ಕಳೆದುಕೊಳ್ಳುವುದೇನೂ ಇಲ್ಲ. ಕೊನೆಯ ಸಾಲಿನಲ್ಲಿ ಕುಳಿತವನಿಗೆ ಹಾಡು ಮುಟ್ಟುವುದು.