ಹಳೆಯ ಡೀಸೆಲ್ ಜೀಪು ಏರು ಹತ್ತದಿದ್ದರೆ: ಎಂಜಿನ್ ಬಿಚ್ಚಿಸುವ ಮುನ್ನ ನೋಡಬೇಕಾದುದು

ಹಳೆಯ ಡೀಸೆಲ್ ಜೀಪಿನ ಎಳೆತ ಕಡಿಮೆಯಾದಾಗ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಎಂಜಿನ್ ಬೋರಿಗೆ ಬಂದಿದೆ’ ಎಂಬುದು. ಬೋರ್ ಕೆಲಸವೆಂದರೆ ಸಿಲಿಂಡರ್ ಕೊರೆಸಿ, ಪಿಸ್ಟನ್, ರಿಂಗ್, ಬೇರಿಂಗ್ ಬದಲಾಯಿಸುವುದು. ಖರ್ಚು ದೊಡ್ಡದು, ಗಾಡಿಯೂ ಹಲವು ದಿನ ನಿಲ್ಲುತ್ತದೆ. ಆದರೆ ಮುಚ್ಚಿಹೋದ ಏರ್ ಫಿಲ್ಟರ್, ನೀರು ಸೇರಿದ ಡೀಸೆಲ್, ಸಡಿಲವಾದ ಆಕ್ಸಿಲರೇಟರ್ ಕೇಬಲ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಬಿಚ್ಚುವ ಕೆಲಸವನ್ನು ಕೊನೆಗೆ ಇಡಬೇಕು.

ಇಲ್ಲಿ ಹೇಳಿರುವುದು ಎಲೆಕ್ಟ್ರಾನಿಕ್ಸ್ ಇಲ್ಲದ, ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ, ಟರ್ಬೊ ಇಲ್ಲದ ಹಳೆಯ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಎಂಜಿನ್ ಇರುವ ಹೊಸ ಗಾಡಿಗಳನ್ನು ಸ್ಕ್ಯಾನರ್ ಇಟ್ಟು ನೋಡಬೇಕಾಗುತ್ತದೆ.

ಎತ್ತರದ ಲೆಕ್ಕ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ 60 ಅಶ್ವಶಕ್ತಿ ಕೊಡುವ ಎಂಜಿನ್ ಅಲ್ಲಿ 47ರ ಆಸುಪಾಸಿಗೆ ಇಳಿಯುತ್ತದೆ. ಕಾಸರಗೋಡಿನ ಬಯಲಿನಲ್ಲಿ ಚೆನ್ನಾಗಿ ಓಡುವ ಜೀಪು ನೀಲಗಿರಿಯಲ್ಲಿ ಮಂದವಾದರೆ ಅದು ರೋಗವಲ್ಲ.

ಹೋಲಿಕೆ ಮಾಡಬೇಕಾದುದು ಅದೇ ರಸ್ತೆ, ಅದೇ ಹೊರೆ, ಅದೇ ಗೇರಿನಲ್ಲಿ. ತಾಳವಾಡಿಯ ಕಡೆಯವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ, ವಯನಾಡಿನವರು ತಾಮರಶ್ಶೇರಿ ಚುರದ 9 ತಿರುವುಗಳಲ್ಲಿ ತಮ್ಮ ಗಾಡಿ ಮೊದಲು ಯಾವ ಗೇರಿನಲ್ಲಿ ಹತ್ತುತ್ತಿತ್ತು ಎಂಬುದನ್ನು ಬಲ್ಲರು. ಈಗ ಅಲ್ಲಿ ಒಂದು ಗೇರ್ ಕೆಳಗೆ ಹಾಕಬೇಕಾಗಿ ಬಂದರೆ ದೋಷವಿದೆ ಎಂದರ್ಥ. ಶಕ್ತಿ ಒಮ್ಮೆಲೇ ಹೋಯಿತೇ, ತಿಂಗಳುಗಟ್ಟಲೆ ನಿಧಾನವಾಗಿ ಕುಂದಿತೇ ಎಂಬುದನ್ನೂ ಗಮನಿಸಬೇಕು. ಬೋರ್ ಸವೆಯುವುದು ನಿಧಾನವಾಗಿ. ಒಂದೇ ದಿನದಲ್ಲಿ ಎಳೆತ ಹೋಗಿದ್ದರೆ ಮೊದಲು ಡೀಸೆಲ್ ಹರಿವನ್ನು ಅನುಮಾನಿಸಬೇಕು.

ಎಂಜಿನ್ನಿನ ಹೊರಗಿನ ಕಾರಣಗಳು

ಬ್ರೇಕ್: ಸಮತಟ್ಟಾದ ನೆಲದಲ್ಲಿ ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿದರೆ ಜೀಪು ಸಲೀಸಾಗಿ ಉರುಳಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಮುಟ್ಟದೆ ಚಕ್ರಗಳ ಡ್ರಮ್ಮಿನ ಹತ್ತಿರ ಕೈ ಹಿಡಿಯಬೇಕು. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಟೈರುಗಳಲ್ಲಿ ಗಾಳಿ ಕಡಿಮೆಯಿದ್ದರೂ ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ.

ಕ್ಲಚ್: ಎಂಜಿನ್ನಿನ ಸದ್ದು ಏರುತ್ತಿದ್ದರೂ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪರೀಕ್ಷೆಗೆ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಸರಿಯಿದ್ದರೆ ಎಂಜಿನ್ ಆಫ್ ಆಗುತ್ತದೆ. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಗಾಡಿಯ ಮುಂದೆ ಯಾರೂ ನಿಲ್ಲಬಾರದು, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಾರದು.

ಆಕ್ಸಿಲರೇಟರ್: ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಲಿವರ್ ನೋಡಲಿ. ಲಿವರ್ ಕೊನೆಯ ಸ್ಕ್ರೂವಿಗೆ ತಾಗಬೇಕು. ತಾಗದಿದ್ದರೆ ಕೇಬಲ್ ಬಿಗಿ ಮಾಡಿದರೆ ಸಾಕು. ಪೆಡಲಿನ ಕೆಳಗಿನ ದಪ್ಪ ಮ್ಯಾಟ್ ಕೂಡ ಇದೇ ತೊಂದರೆ ಕೊಡುತ್ತದೆ.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ, ಇಲ್ಲವೇ ನಾಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಒಳಗೆ ಹೋಗುತ್ತಿದೆ. ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುವುದು ಸಹಜ.

ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಎಂಜಿನ್ನಿಗೆ ಸಾಕಷ್ಟು ಡೀಸೆಲ್ ತಲುಪುತ್ತಿಲ್ಲ.

ಗಾಳಿಯ ದಾರಿ

ಆದೋನಿ, ರಾಯದುರ್ಗ, ಜತ್ತ ಕಡೆಯ ಧೂಳಿನ ರಸ್ತೆಗಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಾಗದದ ಫಿಲ್ಟರನ್ನು ಬೆಳಕಿಗೆ ಹಿಡಿದಾಗ ಬೆಳಕು ಕಾಣದಿದ್ದರೆ ಬದಲಾಯಿಸಬೇಕು, ತೊಳೆಯಬಾರದು. ಆಯಿಲ್ ಬಾತ್ ಮಾದರಿಯಾದರೆ ಕೆಸರಾದ ಎಣ್ಣೆ ತೆಗೆದು, ಬಟ್ಟಲು ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಕಡಿಮೆಯಾದರೆ ಧೂಳು ಒಳಗೆ ಹೋಗುತ್ತದೆ, ಹೆಚ್ಚಾದರೆ ಎಣ್ಣೆಯೇ ಒಳಗೆ ಹೋಗುತ್ತದೆ. ಫಿಲ್ಟರ್ ತೆಗೆದಿಟ್ಟು ಗಾಡಿ ಓಡಿಸಿದರೆ ಇಲ್ಲದ ಬೋರ್ ಕೆಲಸವನ್ನು ಕರೆದಂತೆ. ಸೈಲೆನ್ಸರ್ ಪೈಪ್ ಕಲ್ಲಿಗೆ ಬಡಿದು ಚಪ್ಪಟೆಯಾಗಿದೆಯೇ ಎಂದೂ ನೋಡಬೇಕು.

ಡೀಸೆಲ್ ದಾರಿ

ಗಾಡಿ ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ನಂತರ ಸೋಲುತ್ತಿದ್ದರೆ ಟ್ಯಾಂಕಿನ ಮುಚ್ಚಳ ತೆರೆಯಬೇಕು. ‘ಸುಸ್’ ಎಂದು ಗಾಳಿ ಒಳನುಗ್ಗಿ ಎಳೆತ ಮರಳಿದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಇದಕ್ಕೆ ಬಿಡಿಭಾಗವೇ ಬೇಡ.

ಮಳೆಗಾಲದಲ್ಲಿ, ಬಹುದಿನ ನಿಂತ ಗಾಡಿಗಳಲ್ಲಿ ಟ್ಯಾಂಕಿನೊಳಗೆ ನೀರು ಸೇರುತ್ತದೆ. ಫಿಲ್ಟರಿನ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಾಯಿಸಿದ ಮೇಲೆ ಏರ್ ತೆಗೆಯಲೇಬೇಕು. ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಪೈಪಿನ ಜೋಡಣೆ ಅಥವಾ ವಾಶರ್ ಸಡಿಲವಾಗಿದೆ. ಕೈಪಂಪ್ ಒತ್ತಿದ ಮೇಲೆ ಸ್ವಲ್ಪ ಹೊತ್ತು ಎಳೆತ ಬಂದರೆ ಫೀಡ್ ಪಂಪನ್ನೂ ಟ್ಯಾಂಕಿನಿಂದ ಬರುವ ಪೈಪನ್ನೂ ಪರೀಕ್ಷಿಸಬೇಕು. ಸೀಮೆಎಣ್ಣೆ ಬೆರೆತ ಡೀಸೆಲ್ ಪಂಪಿನ ಒಳಭಾಗಗಳನ್ನು ಸವೆಸುತ್ತದೆ.

ನಾಝಲ್ ಮತ್ತು ಪಂಪ್

ಮೆಕ್ಯಾನಿಕ್‌ಗಳು ಎಂಜಿನ್ ಐಡಲಿನಲ್ಲಿರುವಾಗ ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಾರೆ. ಯಾವ ನಟ್ ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಆದ್ದರಿಂದ ಇದನ್ನು ಅನುಭವಸ್ಥರೇ ಮಾಡಬೇಕು. ಕಾಮನ್ ರೈಲ್ ಗಾಡಿಗಳಲ್ಲಿ ಯಾರೂ ಮಾಡಬಾರದು.

ನಾಝಲ್‌ಗಳ ಒತ್ತಡ ಮತ್ತು ಸಿಂಪಡಿಕೆಯನ್ನು ಡೀಸೆಲ್ ಪಂಪ್ ಅಂಗಡಿಯ ಟೆಸ್ಟರಿನಲ್ಲಿ ಮಾಲೀಕರ ಎದುರಿಗೇ ನೋಡಬಹುದು. ಪಂಪ್ ಟೈಮಿಂಗ್ ತಡವಾದರೆ ಎಳೆತ ಕುಂದಿ ಎಂಜಿನ್ ಬಿಸಿಯಾಗುತ್ತದೆ, ಬೇಗವಾದರೆ ಬಡಿತದ ಸದ್ದು ಹೆಚ್ಚುತ್ತದೆ.

ಕಾರಣ ಹುಡುಕದೆ ‘ಪಿಕಪ್ ಹೆಚ್ಚಿಸಲು’ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸುವುದಕ್ಕೆ ಒಪ್ಪಬಾರದು. ನಾಲ್ಕು ದಿನ ಎಳೆತ ಬಂದಂತೆ ಕಂಡರೂ ಕಪ್ಪು ಹೊಗೆ ಹೆಚ್ಚಿ ಎಂಜಿನ್ ಸುಡುತ್ತದೆ. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳ ಹೊಗೆ ತಪಾಸಣೆಯ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್. ಅದನ್ನು ಮೀರಿದರೆ ಪಿಯುಸಿ ಸಿಗುವುದಿಲ್ಲ.

ಕಂಪ್ರೆಶನ್

ಇಷ್ಟೂ ಸರಿಯಿದ್ದರೆ ಮಾತ್ರ ಒಳಗಿನ ಕಾರಣ. ಮೊದಲು ಟ್ಯಾಪೆಟ್ ಗ್ಯಾಪ್ ನೋಡಿಸಬೇಕು. ಗ್ಯಾಪ್ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಶನ್ ಹೋಗುತ್ತದೆ. ನಂತರ ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಬೇಕು. ಹೊಗೆ ದಟ್ಟವಾಗಿ ಒತ್ತಿ ಬಂದರೆ ಅದೇ ‘ಬ್ಯಾಕ್ ಕಂಪ್ರೆಶನ್’. ಬ್ರೀದರ್ ಪೈಪ್ ಕಟ್ಟಿದ್ದರೂ ಹೀಗಾಗುವುದರಿಂದ ಅದನ್ನು ಮೊದಲು ಸ್ವಚ್ಛ ಮಾಡಬೇಕು.

ಕೊನೆಯ ತೀರ್ಪು ಡೀಸೆಲ್ ಎಂಜಿನ್ನಿನ ಕಂಪ್ರೆಶನ್ ಗೇಜಿನದು. ಪೆಟ್ರೋಲ್ ಗೇಜ್ ಇದಕ್ಕೆ ಆಗದು. ಒಂದೇ ಸಿಲಿಂಡರ್ ಕಡಿಮೆ ತೋರಿಸಿದರೆ ವಾಲ್ವ್ ದೋಷವಿರಬಹುದು. ಅಕ್ಕಪಕ್ಕದ ಎರಡು ಕಡಿಮೆಯಿದ್ದು ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಎಲ್ಲ ಸಿಲಿಂಡರ್‌ಗಳೂ ಕಡಿಮೆ, ನೀಲಿ ಹೊಗೆ, ಆಯಿಲ್ ಖರ್ಚು, ತಣ್ಣಗಿರುವಾಗ ಸ್ಟಾರ್ಟ್ ತೊಂದರೆ, ಇವೆಲ್ಲ ಕೂಡಿ ಬಂದಾಗ ಬೋರ್ ಕೆಲಸದ ಮಾತು ನಂಬಬಹುದು.

ಗ್ಯಾರೇಜಿನಲ್ಲಿ ಹೇಳುವುದು

ಪಂಪ್, ನಾಝಲ್, ಟ್ಯಾಪೆಟ್ ಎಂಬ ಹೆಸರುಗಳು ಗಡಿಯ ಆಚೆ ಈಚೆ ಎಲ್ಲ ಭಾಷೆಗಳಲ್ಲೂ ನಡೆಯುತ್ತವೆ. ಹೊಗೆಗೆ ಮಾತ್ರ ತಮಿಳಿನಲ್ಲಿ ‘ಪುಗೈ’, ಮಲಯಾಳದಲ್ಲಿ ‘ಪುಕ’, ತೆಲುಗಿನಲ್ಲಿ ‘ಪೊಗ’, ಮರಾಠಿಯಲ್ಲಿ ‘ಧೂರ’ ಎನ್ನಬೇಕು. ತೆಲುಗಿನ ‘ನಲ್ಲ’ ಎಂದರೆ ಕಪ್ಪು, ತಮಿಳು ಮತ್ತು ಮಲಯಾಳದ ‘ನಲ್ಲ’ ಎಂದರೆ ಒಳ್ಳೆಯದು ಎಂಬುದೂ ನೆನಪಿರಲಿ.

ಯಾವಾಗ ಶುರುವಾಯಿತು, ಹೊಗೆ ಯಾವ ಬಣ್ಣ, ಯಾವ ಗೇರಿನಲ್ಲಿ ಸೋಲುತ್ತದೆ, ತಿಂಗಳಿಗೆ ಎಷ್ಟು ಆಯಿಲ್ ಹಾಕಬೇಕಾಗಿದೆ, ಏನೇನು ಪರೀಕ್ಷಿಸಿ ಆಗಿದೆ ಎಂಬ ಐದು ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮೆಕ್ಯಾನಿಕ್‌ಗೂ ಅನುಕೂಲ. ಕಂಪ್ರೆಶನ್ ಗೇಜಿನ ಅಂಕಿ ನೋಡದೆ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಬಾರದು.