‘ಏಕಪಕ್ಷೀಯ’ ಎಂದು ಬರೆಯುವ ಮುನ್ನ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಸುದ್ದಿ ಬರೆಯುವಾಗ ನಮ್ಮ ಕೈಗೆ ಥಟ್ಟನೆ ಸಿಗುವ ಪದ ‘ಏಕಪಕ್ಷೀಯ’. ಇಂಗ್ಲಿಷಿನ ‘ಯೂನಿಲ್ಯಾಟರಲ್’, ‘ಎಕ್ಸ್ ಪಾರ್ಟೆ’, ‘ಒನ್ ಸೈಡೆಡ್’ ಮೂರಕ್ಕೂ ನಾವು ಇದನ್ನೇ ಹಾಕುತ್ತೇವೆ. ಅರ್ಥ ಮಾತ್ರ ಬೇರೆ ಬೇರೆ.

‘ಯೂನಿಲ್ಯಾಟರಲ್’ ಲ್ಯಾಟಿನ್ ಮೂಲದ್ದು. ‘ಲ್ಯಾಟಸ್’ ಎಂದರೆ ಮಗ್ಗುಲು. ಇನ್ನೊಬ್ಬರ ಒಪ್ಪಿಗೆ ಪಡೆಯದೆ ಒಂದು ಕಡೆಯವರೇ ಮಾಡಿದ ತೀರ್ಮಾನ ಅದು. ಸರಿಯೋ ತಪ್ಪೋ ಎಂಬುದನ್ನು ಆ ಪದ ಹೇಳುವುದಿಲ್ಲ. ‘ಒನ್ ಸೈಡೆಡ್’ ವಾಲಿಕೆಯನ್ನು ಹೇಳುತ್ತದೆ. ಅದು ನಮ್ಮ ‘ಪಕ್ಷಪಾತ’ಕ್ಕೆ ಹತ್ತಿರ. ‘ಎಕ್ಸ್ ಪಾರ್ಟೆ’ ಕೋರ್ಟಿನ ಮಾತು: ಪ್ರತಿವಾದಿ ಗೈರಾದಾಗ ಆಗುವ ಡಿಕ್ರಿ. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ ಅಥವಾ ಬರಲಾಗದ್ದಕ್ಕೆ ತಕ್ಕ ಕಾರಣವಿತ್ತು ಎಂದು ತೋರಿಸಿದರೆ, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಡಿ ಅದನ್ನು ರದ್ದು ಮಾಡಿಸಬಹುದು. ಕೇಳದೆ ಕೊಟ್ಟ ತೀರ್ಪಿಗೂ ಹಿಂದಿರುಗುವ ದಾರಿಯಿದೆ.

ನಮ್ಮ ಪೇಟೆಗಳ ಇತಿಹಾಸವೂ ಇಂಥ ದಾರಿ ಹುಡುಕಿದ ಕಥೆಯೇ. ಹಿಂದೆ ದೇಶದ ಅನೇಕ ಪೇಟೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ದರ ಕುದುರುತ್ತಿತ್ತು. ಮಾಲು ತಂದ ರೈತ ಎದುರಿಗೇ ನಿಂತಿದ್ದರೂ ಅವನಿಗೆ ಲೆಕ್ಕ ತಿಳಿಯುತ್ತಿರಲಿಲ್ಲ. 1928ರಲ್ಲಿ ಕೃಷಿ ಕುರಿತ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ 1939ರಲ್ಲಿ ಮಾರುಕಟ್ಟೆ ಕಾಯ್ದೆ ಬಂತು. ಕರ್ನಾಟಕದ ಎಪಿಎಂಸಿ ಕಾಯ್ದೆ 1966ರದು.

ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಟೆಂಡರ್. ದರ ಒಪ್ಪದಿದ್ದರೆ ರೈತ ಬೇಡ ಎನ್ನಬಹುದು. ಆದರೆ ಬೇಡ ಎಂದ ಮೇಲೆ ಬಾಡಿಗೆ ಕೊಟ್ಟು ತಂದ ಚೀಲಗಳನ್ನು ಎಲ್ಲಿಡಬೇಕು? ಹಕ್ಕು ಕಾಗದದ ಮೇಲಿದ್ದರೂ ಕೈಗೆ ಎಟುಕದೆ ಹೋಗಬಹುದು. ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆಯಲ್ಲೂ ಕೇಳಬೇಕಾದ್ದು ಇದೇ: ಕೊಳ್ಳುವವರೇ ಪರೀಕ್ಷೆ ಮಾಡಿ, ಅವರೇ ತಿರಸ್ಕರಿಸಿದರೆ ಬೆಳೆದವನು ಯಾರ ಬಳಿ ಹೋಗಬೇಕು?

2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಬೆಂಕಿಯಷ್ಟೇ ಬರೆದು ದರ ಬಿಟ್ಟರೆ ನಮ್ಮ ವರದಿಯೂ ವಾಲುತ್ತದೆ. ದರವಷ್ಟೇ ಬರೆದು ಬೆಂಕಿ ಬಿಟ್ಟರೂ ಅಷ್ಟೇ.

ಹಾಗಾಗಿ ‘ಏಕಪಕ್ಷೀಯ’ ಎಂದು ಬರೆಯುವ ಮುನ್ನ ಮೂರು ಪ್ರಶ್ನೆ ಕೇಳೋಣ: ತೀರ್ಮಾನ ಯಾರದು? ಯಾರ ಮಾತು ಕೇಳಲಿಲ್ಲ? ತಿದ್ದಲು ದಾರಿ ಇದೆಯೇ? ಉತ್ತರ ಸಿಕ್ಕರೆ ಅದನ್ನೇ ಬರೆಯೋಣ. ಆಗ ಎಷ್ಟೋ ಸಲ ಆ ಪದವೇ ಬೇಕಾಗುವುದಿಲ್ಲ.