ಮರಬೀಜಗಳ ಹಿಮಸಂರಕ್ಷಣೆ

ಮರಗಳ ಬೀಜವನ್ನು, ಇಲ್ಲವೇ ಬೀಜದೊಳಗಿನ ಭ್ರೂಣವನ್ನು, ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ ದಶಕಗಳ ಕಾಲ ಜೀವಂತವಾಗಿ ಕಾಪಿಡುವ ಕ್ರಮ. ಎರಡು ಮಟ್ಟಗಳು ರೂಢಿಯಲ್ಲಿವೆ: ಸಾಮಾನ್ಯ ಬೀಜಬ್ಯಾಂಕುಗಳಲ್ಲಿ -18ರಿಂದ -20 ಡಿಗ್ರಿ ಸೆಲ್ಸಿಯಸ್, ದ್ರವ ಸಾರಜನಕದಲ್ಲಿ -196 ಡಿಗ್ರಿ. ಬೀಜ ಸಾಯುವುದು ಚಳಿಗೆ ಎಂದು ಯಾರಿಗಾದರೂ ಅನಿಸೀತು. ಆದರೆ ಈ ವಿದ್ಯೆಯ ಚರಿತ್ರೆಯ ಉದ್ದಕ್ಕೂ ಅಪರಾಧಿಯಾಗಿ ಸಿಕ್ಕಿಬಿದ್ದಿರುವುದು ಬೀಜದೊಳಗಿನ ನೀರು.

ಆರಂಭದ ಪ್ರಯೋಗಗಳಿಗೆ ಸಂರಕ್ಷಣೆಯ ಉದ್ದೇಶವೇ ಇರಲಿಲ್ಲ. ಗಾಳಿಯನ್ನು ದ್ರವವಾಗಿಸುವ ಕಲೆ ಆಗಷ್ಟೇ ಕೈಗೆ ಬಂದಿತ್ತು. ಅದರಲ್ಲಿ ಏನನ್ನು ಅದ್ದಿದರೆ ಏನಾಗುತ್ತದೆ ಎಂಬ ಕುತೂಹಲ ಎಲ್ಲರಿಗೂ. 1897ರಲ್ಲಿ ಇಂಗ್ಲೆಂಡಿನ ಬ್ರೌನ್ ಮತ್ತು ಎಸ್ಕೋಂಬ್ ಒಣಬೀಜಗಳನ್ನು 110 ಗಂಟೆ ದ್ರವವಾಯುವಿನಲ್ಲಿಟ್ಟು ಬಿತ್ತಿದರು. ಅವು ಎಂದಿನಂತೆ ಮೊಳೆತವು. ಎರಡು ವರ್ಷಗಳ ತರುವಾಯ ಕ್ಯೂ ಸಸ್ಯೋದ್ಯಾನದ ನಿರ್ದೇಶಕ ಥಿಸಲ್ಟನ್-ಡಯರ್, ಜೇಮ್ಸ್ ಡ್ಯೂವರ್ ತಯಾರಿಸಿದ ದ್ರವ ಜಲಜನಕದಲ್ಲಿ ತಣಿಸಿದ ಬೀಜಗಳಿಂದಲೂ ಗಿಡ ಪಡೆದರು. ಅವರು ಬಳಸಿದ್ದು ಗೋಧಿ, ಬಾರ್ಲಿ, ಬಟಾಣಿ, ಸಾಸಿವೆಯಂಥವನ್ನು. ಸ್ವಭಾವತಃ ಒಣಗುವ ಬೀಜ ಎಷ್ಟೇ ಚಳಿಯನ್ನಾದರೂ ತಾಳುತ್ತದೆ ಎಂಬುದು ಆಗಲೇ ಸ್ಪಷ್ಟವಾಗಿತ್ತು. ಒಣಗಲು ಒಪ್ಪದ ಬೀಜದ ಗತಿಯನ್ನು ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಎದ್ದದ್ದು ಬೀಜಬ್ಯಾಂಕುಗಳು ಬಂದಮೇಲೆ. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ 1958ರಲ್ಲಿ ರಾಷ್ಟ್ರೀಯ ಬೀಜಸಂಗ್ರಹ ಪ್ರಯೋಗಾಲಯ ತೆರೆಯಿತು. ತೇವಾಂಶ ಶೇ. 1ರಷ್ಟು ಇಳಿದಂತೆ, ಅಥವಾ ಉಷ್ಣತೆ 5 ಡಿಗ್ರಿ ಇಳಿದಂತೆ, ಬೀಜದ ಆಯಸ್ಸು ಇಮ್ಮಡಿಯಾಗುತ್ತದೆ ಎಂಬ ಹ್ಯಾರಿಂಗ್ಟನ್ನನ ಅಂದಾಜುಸೂತ್ರ ಬೀಜ ಕಾಯುವವರ ಬಾಯಿಪಾಠವಾಯಿತು. ಅದು ಎಲ್ಲ ಬೀಜಕ್ಕೂ ಹೊಂದುವುದಿಲ್ಲ ಎಂಬುದಕ್ಕೆ ಇ. ಎಚ್. ರಾಬರ್ಟ್ಸ್ 1973ರಲ್ಲಿ ಶಾಸ್ತ್ರೀಯ ರೂಪ ಕೊಟ್ಟರು. ಒಣಗಿಸಿ ತಣಿಸಿದರೆ ಬಾಳುವವು ಒಂದು ಗುಂಪು. ಒಣಗಿದೊಡನೆ ಸಾಯುವ ಹಟಮಾರಿಗಳು ಇನ್ನೊಂದು. ಪೈನ್, ಸ್ಪ್ರೂಸ್, ಭೂರ್ಜಗಳು ಮೊದಲನೆಯವು. ಮಾವು, ಹಲಸು, ಓಕ್, ರಬ್ಬರ್ ಎರಡನೆಯವು. ಕರಾವಳಿಯ ಮನೆಗಳಲ್ಲಿ ಮಳೆಗಾಲದ ಪದಾರ್ಥಕ್ಕೆಂದು ಹಲಸಿನ ಬೀಜಕ್ಕೆ ಕೆಂಪುಮಣ್ಣು ಮೆತ್ತಿ ಇಡುತ್ತಿದ್ದವರಿಗೆ ಈ ಬೀಜವನ್ನು ಒಣಗಲು ಬಿಡಬಾರದು ಎನ್ನುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಶೀತವಲಯದ ಸೂಚಿಪರ್ಣಿ ಮರಗಳ ಕಥೆಯಲ್ಲಿ ಹೆಚ್ಚು ತಿರುವುಗಳಿಲ್ಲ. ಕೆನಡಾ 1967ರಲ್ಲಿ ರಾಷ್ಟ್ರೀಯ ಮರಬೀಜ ಕೇಂದ್ರವನ್ನು ಕಟ್ಟಿತು. ಪೋಲೆಂಡಿನ ಕೊಸ್ಟ್‌ಶಿತ್ಸಾದಲ್ಲಿ 1995ರಲ್ಲಿ ಅರಣ್ಯ ವಂಶವಾಹಿ ಬ್ಯಾಂಕ್ ಆರಂಭವಾಯಿತು. ಬೆಳೆಗಳ ಬೀಜಕ್ಕೆಂದು 2008ರಲ್ಲಿ ತೆರೆದ ಸ್ವಾಲ್‌ಬಾರ್ಡ್ ನೆಲಮಾಳಿಗೆಗೆ 2015ರಲ್ಲಿ ನಾರ್ವೆ ಮತ್ತು ಫಿನ್ಲೆಂಡಿನ ಸ್ಪ್ರೂಸ್, ಪೈನ್ ಬೀಜಗಳೂ ಸೇರಿದವು.

ಹಟಮಾರಿ ಬೀಜಗಳ ದಾರಿ ತೆರೆದದ್ದು ಬೀಜದಿಂದಲ್ಲ, ಕಡ್ಡಿಯಿಂದ. ಜಪಾನಿನ ಹೊಕ್ಕೈದೊ ವಿಶ್ವವಿದ್ಯಾಲಯದ ಅಕಿರಾ ಸಕಾಯ್, ಚಳಿಗೆ ಪಳಗಿದ ಮರದ ಕಡ್ಡಿಗಳನ್ನು ಮೊದಲು ನಿಧಾನವಾಗಿ ಹೆಪ್ಪುಗಟ್ಟಿಸಿ ಬಳಿಕ -196 ಡಿಗ್ರಿಗೆ ಇಳಿಸಿದರೆ ಅವು ಬದುಕುತ್ತವೆಂದು 1960ರಲ್ಲಿ ತೋರಿಸಿದರು. ನಿಧಾನಕ್ಕೆ ತಣಿಯುವಾಗ ಜೀವಕೋಶದ ನೀರು ಹೊರಗೆ ಜಿನುಗಿ ಅಲ್ಲಿ ಮಂಜಾಗುತ್ತದೆ. ಒಳಗೆ ಹರಳುಗಟ್ಟಿ ಪೊರೆಗಳನ್ನು ಸೀಳಲು ನೀರೇ ಉಳಿದಿರುವುದಿಲ್ಲ. ಇದೇ ತರ್ಕವನ್ನು ಬೀಜಕ್ಕೆ ಹೊಂದಿಸಿದವರು ಇಡೀ ಬೀಜದ ಆಸೆ ಬಿಟ್ಟು, ಒಳಗಿನ ಚಿಕ್ಕ ಭ್ರೂಣಾಕ್ಷವನ್ನಷ್ಟೇ ಬಿಡಿಸಿ, ಬೇಗ ಒಣಗಿಸಿ ಸಾರಜನಕಕ್ಕೆ ಹಾಕಿದರು. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ರೇಖಾ ಚೌಧುರಿ ಮತ್ತು ಸಂಗಡಿಗರು 1991ರಲ್ಲಿ ಚಹಾ ಬೀಜದ ಭ್ರೂಣಾಕ್ಷಗಳ ಮೇಲಿನ ಇಂಥ ಪ್ರಯೋಗವನ್ನು ಪ್ರಕಟಿಸಿದರು. 1995ರಲ್ಲಿ ಅದೇ ತಂಡ ಚಹಾ, ಕೋಕೊ, ಹಲಸು ಮೂರನ್ನೂ ಒಟ್ಟಿಗೆ ಪರೀಕ್ಷಿಸಿತು. ಅಕ್ಷವನ್ನು ಹೀಗೆ ಬೇರ್ಪಡಿಸಿದರೆ ಅದು ಬೀಜದಳದ ಆಹಾರವಿಲ್ಲದ ಅನಾಥ. ಗಾಜಿನ ನಳಿಗೆಯ ಪೋಷಕ ಮಾಧ್ಯಮದಲ್ಲಿ ಸಾಕಿ ಸಸಿ ಮಾಡಬೇಕು. ಬೇರು ಬಂದು ಚಿಗುರು ಬಾರದ ಎಷ್ಟೋ ಅಕ್ಷಗಳು ಇಲ್ಲಿ ಲೆಕ್ಕಕ್ಕೆ ಜೀವಂತ, ತೋಟಕ್ಕೆ ನಿರುಪಯುಕ್ತ.

ಈ ಲೆಕ್ಕದ ಮೋಸ ಎಲ್ಲಕ್ಕಿಂತ ನಿಚ್ಚಳವಾಗಿ ಕಂಡದ್ದು ಕಾಫಿಯಲ್ಲಿ. ಕಾಫಿಬೀಜ ಸುಮಾರು ಶೇ. 10 ತೇವಾಂಶದವರೆಗೆ ಒಣಗುವುದನ್ನು ಸಹಿಸುತ್ತದೆ, ಆದರೆ ಹಾಗೆ ಒಣಗಿದ್ದನ್ನು ಶೈತ್ಯಾಗಾರದಲ್ಲಿಟ್ಟರೆ ಕೆಡುತ್ತದೆ. ಎರಡೂ ಗುಂಪಿಗೆ ಸೇರದ ಇದಕ್ಕಾಗಿಯೇ ಎಲ್ಲಿಸ್, ಹಾಂಗ್ ಮತ್ತು ರಾಬರ್ಟ್ಸ್ 1990ರಲ್ಲಿ ‘ಮಧ್ಯಮ’ ಎಂಬ ಮೂರನೆಯ ವರ್ಗವನ್ನು ಸೂಚಿಸಿದರು. ಫ್ರಾನ್ಸಿನ ಮೊಂಪೆಲ್ಲಿಯೇಯಲ್ಲಿ ಸ್ಟೆಫಾನ್ ಡ್ಯುಸೇರ್ ತಂಡ 1990ರ ದಶಕದಲ್ಲಿ ಅರೇಬಿಕಾ ಬೀಜದ ತೇವಾಂಶವನ್ನು ಕಿರಿದಾದ ಒಂದು ಮಿತಿಯೊಳಗೆ ಹಿಡಿದು ಸಾರಜನಕದಲ್ಲಿಟ್ಟಿತು. ಹೊರತೆಗೆದು ಬಿತ್ತಿದಾಗ ಬಹಳಷ್ಟು ಬೀಜ ಸಸಿಯಾಗಲಿಲ್ಲ. ಅದೇ ಬೀಜಗಳನ್ನು ಸೀಳಿ ಭ್ರೂಣವನ್ನು ಬಿಡಿಸಿ ನಳಿಗೆಯಲ್ಲಿಟ್ಟರೆ ಚೆನ್ನಾಗಿ ಬೆಳೆಯಿತು! ಮಂಜು ಕೊಂದದ್ದು ಮಗುವನ್ನಲ್ಲ, ಬುತ್ತಿಯನ್ನು: ಭ್ರೂಣವನ್ನು ಸುತ್ತುವರಿದ ಆಹಾರದ ಅಂಗಾಂಶ ಸತ್ತಿತ್ತು. ಚಿಕ್ಕಮಗಳೂರು, ಕೊಡಗಿನ ನರ್ಸರಿಗಳಲ್ಲಿ ‘ಟೋಪಿ’ ಎನ್ನುವ ಹಂತವೊಂದಿದೆ. ಎಳೆ ಸಸಿ ಬೀಜವನ್ನೇ ತಲೆಯ ಮೇಲೆ ಹೊತ್ತು ನಿಂತಿರುತ್ತದೆ. ಆ ಟೋಪಿಯೇ ಅದರ ಊಟ ಎಂಬುದನ್ನು ನೆನೆದರೆ ಸತ್ತ ಬುತ್ತಿಯ ಪರಿಣಾಮ ಅರ್ಥವಾದೀತು. ಕರಗಿಸಿದ ಬೀಜವನ್ನು ನೇರ ನೀರಿಗೆ ಹಾಕದೆ, ನೀರನ್ನು ಮೆಲ್ಲಗೆ ಬಿಟ್ಟುಕೊಡುವ ದ್ರಾವಣದಲ್ಲಿ ಕೆಲಕಾಲ ಇಟ್ಟರೆ ಸಸಿಗಳ ಸಂಖ್ಯೆ ಏರುತ್ತದೆಂದೂ ಅದೇ ತಂಡ ಕಂಡುಕೊಂಡಿತು.

ಬೇವಿನಲ್ಲೂ ಇಂಥದೇ ಪಾಠ. ಬೇವಿನ ಬೀಜ ಯಾವ ವರ್ಗದ್ದು ಎಂಬ ಬಗ್ಗೆ ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದ್ದಾರೆ. ಬುರ್ಕಿನಾ ಫಾಸೊದ ಮೊಕ್ತಾರ್ ಸಕಾಂದೆ 1990ರ ದಶಕದ ಕೊನೆಯಲ್ಲಿ, ಒಣಗಿದ ಬೀಜವನ್ನು ತಣ್ಣೀರಿನಲ್ಲಿ ನೆನೆಸಿದರೆ ಪೊರೆಗಳು ಸೋರಿ ಅದು ಸಾಯುತ್ತದೆ, ಬೆಚ್ಚನೆಯ ನೀರಿನಲ್ಲಿ ಬದುಕುತ್ತದೆ ಎಂದು ತೋರಿಸಿದರು. ಸಂಗ್ರಹದಲ್ಲಿ ಸತ್ತವು ಎಂದು ಬರೆದಿಟ್ಟ ಬೀಜಗಳಲ್ಲಿ ಕೆಲವು ಬಿತ್ತನೆಯ ದಿನ ಸತ್ತವೇ ಇರಬೇಕು.

ಸರಿಯಾದ ತೇವಾಂಶದಲ್ಲಿ ತಣಿಸಿದ ಬೀಜದ ಸಸಿ ಸಾಮಾನ್ಯವಾಗಿ ಮೊದಲ ವಾರಗಳಲ್ಲಿ ಹಿಂದುಳಿದರೂ ಮುಂದೆ ಉಳಿದವುಗಳ ಸಮಕ್ಕೆ ಬರುತ್ತದೆ. ಒಳಗಿನ ಗುರುತು ಅಷ್ಟು ಬೇಗ ಅಳಿಯದೆ ಇರಬಹುದು ಎಂಬ ಗುಮಾನಿಯಿಂದ ಡಿಎನ್ಎ ಮೇಲಿನ ಮಿಥೈಲ್ ಗುರುತುಗಳ ಏರಿಳಿತವನ್ನು ಓಕ್ ಮುಂತಾದ ಮರಗಳಲ್ಲಿ ಅಳೆಯಲಾಗಿದೆ. ಹಿಮಸಂರಕ್ಷಣೆಯಿಂದ ಬಂದ ಸಸ್ಯದ ಆನುವಂಶಿಕ ನಿಷ್ಠೆಯನ್ನು ಪರೀಕ್ಷಿಸುವ ಈ ಅಧ್ಯಯನಕ್ಕೆ ಕೀತ್ ಹಾರ್ಡಿಂಗ್ 2004ರಲ್ಲಿ ‘ಕ್ರಯೋಬಯೊನಾಮಿಕ್ಸ್’ ಎಂದು ಹೆಸರಿಟ್ಟರು. ಸಾರಜನಕದ ಚಳಿಯಲ್ಲೂ ಕಾಲ ಪೂರ್ತಿ ನಿಲ್ಲುವುದಿಲ್ಲ. ಫೋರ್ಟ್ ಕಾಲಿನ್ಸ್‌ನ ಕ್ರಿಸ್ಟಿನಾ ವಾಲ್ಟರ್ಸ್ ಮತ್ತು ಸಂಗಡಿಗರು 2004ರಲ್ಲಿ ಲೆಟ್ಯೂಸ್ ಬೀಜದ ಅರ್ಧಾಯುವನ್ನು ಸಾರಜನಕದ ಆವಿಯಲ್ಲಿ ಸುಮಾರು 500 ವರ್ಷ, ದ್ರವದಲ್ಲಿ ಸುಮಾರು 3400 ವರ್ಷ ಎಂದು ಅಂದಾಜಿಸಿದರು. ಮರಗಳಿಗೆ ಇಂಥ ಲೆಕ್ಕ ಕಟ್ಟುವುದು ಕಷ್ಟ. ಮೊಳಕೆಯಿಂದ ಫಲದವರೆಗೆ ಕಾಯುವಷ್ಟರಲ್ಲಿ ಪ್ರಯೋಗ ಆರಂಭಿಸಿದವರೇ ನಿವೃತ್ತರಾಗಿರುತ್ತಾರೆ.

2018ರ ಒಂದು ಅಂದಾಜಿನಂತೆ ಮರಜಾತಿಗಳಲ್ಲಿ ಶೇ. 33ರಷ್ಟರ, ತೀವ್ರ ಅಳಿವಿನಂಚಿನ ಸಸ್ಯಗಳಲ್ಲಿ ಶೇ. 36ರಷ್ಟರ ಬೀಜಗಳು ಒಣಗಿಸುವಿಕೆಗೆ ಒಗ್ಗುವುದಿಲ್ಲ. ಪಶ್ಚಿಮಘಟ್ಟದ ಧೂಪ ಅಂಥದ್ದೊಂದು. ಮುಂಗಾರಿನ ಹೊತ್ತಿಗೆ ಉದುರುವ ಅದರ ದಪ್ಪ ಬೀಜ ನೆಲದ ಮೇಲೆಯೇ ಮೊಳೆಯುತ್ತದೆ. ನರ್ಸರಿಯವರು ಅದನ್ನು ಆಯ್ದು ತಂದು, ದಿನಗಳೊಳಗೆ ಮಣ್ಣು ತುಂಬಿದ ಚೀಲಗಳಲ್ಲಿ ಊರುತ್ತಾರೆ.